ಚುಕ್ಕಿ ಗದ್ದೆ ಕಡೆ

“ಎಂತದೂ ಕೇಳ್ತಿಲ್ಲ ಮಾರಾಯ್ತಿ,” ಎಂದಳು ಮಾಲತಿ. ದೊಡ್ಡ ಹೆಡ್‌ಫೋನಿನೊಳಗೆ ಅವಳ ಕಿವಿಯ ಜೊತೆ ಅರ್ಧ ಕೆನ್ನೆಯೂ ಮುಚ್ಚಿಹೋಗಿತ್ತು.

“ತಾಳು, ಸೌಂಡ್ ಜಾಸ್ತಿ ಮಾಡ್ತೇನೆ.” ಮೋಕ್ಷಿತಾ ಪೆಟ್ಟಿಗೆಯ ಗುಂಡಿ ತಿರುಗಿಸಿದಳು. “ಈಗ?”

“ಈಗ್ಲೂ ಇಲ್ಲ. ನಿಮ್ಮ ಚೆನ್ನಯ್ಯ ಒಳಗೆ ನಿದ್ದೆ ಮಾಡ್ತಿದ್ದಾರೆ ಅಂತ ಕಾಣ್ತದೆ.”

ಮಾಲತಿ ಕಿಸಕ್ಕನೆ ನಕ್ಕಳು. ಮೋಕ್ಷಿತಾ ನಗಲಿಲ್ಲ. ಅವಳ ಮೂಗಿಗೆ ಏನೋ ವಾಸನೆ ಬಡಿದಿತ್ತು. ಪ್ಲಾಸ್ಟಿಕ್ ಬಾಚಣಿಗೆ ಕೆಂಡಕ್ಕೆ ತಗುಲಿದರೆ ಬರುವಂಥ ವಾಸನೆ. ಮುಚ್ಚಳ ತೆಗೆದಿಟ್ಟ ಪೆಟ್ಟಿಗೆಯೊಳಗೆ ಬೆರಳಿಟ್ಟವಳು “ಹಾ!” ಎಂದು ಕೈ ಎಳೆದುಕೊಂಡಳು.

“ಎಂತಾಯ್ತೇ?”

“ಸುಡ್ತದೆ! ಆಫ್ ಮಾಡು, ಆಫ್ ಮಾಡು!”

ಇಬ್ಬರೂ ಒಟ್ಟಿಗೇ ಸ್ವಿಚ್ಚಿಗೆ ಕೈ ಹಾಕಿದರು. ಪೆಟ್ಟಿಗೆ ಜಗಲಿಯ ಮೇಲೆ ಅರ್ಧ ಸುತ್ತು ತಿರುಗಿ ನಿಂತಿತು. ಒಳಗಿನಿಂದ ಅಜ್ಜಿಯ ದನಿ ಬಂತು. “ಎಂತ ಮಕ್ಕಳೇ ಅದು ಗಲಾಟೆ?”

“ಎಂತ ಇಲ್ಲಜ್ಜೀ,” ಎಂದಳು ಮೋಕ್ಷಿತಾ.

ಆ ಪೆಟ್ಟಿಗೆ ಅವಳ ಚಿಕ್ಕಪ್ಪ ತೀರ್ಥಪ್ರಸಾದನದು. ಸೋಪಿನ ಡಬ್ಬಿಯಷ್ಟು ದೊಡ್ಡದು. ಮುಂದೆ ಎರಡು ತೂತು. ಒಂದಕ್ಕೆ ಮೊಬೈಲಿನ ವಯರು, ಇನ್ನೊಂದಕ್ಕೆ ಹೆಡ್‌ಫೋನಿನ ವಯರು. ಮೊಬೈಲಿನ ತೆಳ್ಳಗಿನ ಸದ್ದನ್ನು ತೆಗೆದುಕೊಂಡು, ಮೈ ತುಂಬಿಸಿ ಕಿವಿಗೆ ಕೊಡುವುದು ಅದರ ಕೆಲಸ. ಚಿಕ್ಕಪ್ಪ ಅದನ್ನು ‘ಆಂಪ್’ ಎನ್ನುತ್ತಿದ್ದ. ದಿನವಿಡೀ ಟೂರಿಸ್ಟುಗಳನ್ನು ಕೂರಿಸಿಕೊಂಡು ಗುಡ್ಡದ ದಾರಿಯಲ್ಲಿ ಜೀಪ್ ಓಡಿಸಿ ಬಂದ ಮೇಲೆ, ಕೈಕಾಲು ತೊಳೆದು ಅದರ ಮುಂದೆ ಕೂರುವುದೇ ಅವನ ಸುಖ.

ಆಂಪಿನ ಹೊಟ್ಟೆಯಲ್ಲಿ ಕಾಫಿ ಬೀಜದಷ್ಟು ದೊಡ್ಡ ಕಪ್ಪು ಚಿಪ್ ಇತ್ತು. ಆ ಬದಿಗೆ ನಾಲ್ಕು ಕಾಲು, ಈ ಬದಿಗೆ ನಾಲ್ಕು ಕಾಲು. ಅದನ್ನು ಬೆಸುಗೆ ಹಾಕಿ ಅಂಟಿಸಿರಲಿಲ್ಲ. ಸಾಕೆಟ್ಟಿನ ಸಣ್ಣ ತೂತುಗಳಲ್ಲಿ ಕಾಲು ತೂರಿಸಿ ಒತ್ತಿ ಕೂರಿಸಿದ್ದಷ್ಟೆ. ಬೇಡವೆಂದರೆ ಮೆಲ್ಲ ಎಬ್ಬಿಸಿ ಬೇರೆ ಚಿಪ್ ಕೂರಿಸಬಹುದು. ಚಿಪ್ ಬದಲಾದರೆ ಹಾಡಿನ ಸ್ವಭಾವವೇ ಬದಲಾಗುತ್ತದೆ ಎನ್ನುವುದು ಚಿಕ್ಕಪ್ಪನ ವಾದ.

“ದನದ ಕಿವಿಯ ಉಣ್ಣಿ ಹಾಗೆ ಉಂಟು. ಇದಕ್ಕೆ ಸ್ವಭಾವ ಬೇರೆ ಕೇಡು,” ಎಂದು ಅಜ್ಜಿ ನಗುತ್ತಿದ್ದಳು.

ಚಿಕ್ಕಪ್ಪನ ಬಳಿ ಮೂರು ಚಿಪ್ ಇದ್ದವು. ಮೂರಕ್ಕೂ ಹೆಸರಿಟ್ಟಿದ್ದ. ಒಂದು ‘ಮೇಷ್ಟ್ರು’. ಅದನ್ನು ಹಾಕಿದರೆ ಹಾಡಿನ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳುತ್ತದೆ, ಆದರೆ ಕಾಲು ಕುಣಿಯುವುದಿಲ್ಲ. ಇನ್ನೊಂದು ‘ಶೋಕಿ’. ತಾಳ, ಗೆಜ್ಜೆ ಎಲ್ಲ ಕಿವಿಯ ಹತ್ತಿರವೇ ಝಣಝಣ.

ಮೂರನೆಯದು ‘ಚೆನ್ನಯ್ಯ’. ಊರಿನ ಮದುವೆಗಳಿಗೆಲ್ಲ ಮೈಕ್‌ಸೆಟ್ ಹಾಕುತ್ತಿದ್ದ ಚೆನ್ನಯ್ಯನ ಹಳೇ ಸೆಟ್ಟಿನಿಂದ ಬಿಚ್ಚಿ ತೆಗೆದ ಚಿಪ್ ಅದು. ಸಣ್ಣವನಿದ್ದಾಗ ಚಿಕ್ಕಪ್ಪ ಅವರ ವಯರು ಹೊತ್ತುಕೊಂಡು ಹಿಂದೆ ಹಿಂದೆ ಹೋಗುತ್ತಿದ್ದನಂತೆ. ಚೆನ್ನಯ್ಯ ಕೆಲಸ ಬಿಟ್ಟಾಗ, ಕೆಟ್ಟು ಕೂತ ಸೆಟ್ಟನ್ನು ಇವನಿಗೇ ಕೊಟ್ಟರು. ಸೆಟ್ಟಿನ ತುಂಬ ತುಕ್ಕು. ಜೀವ ಉಳಿದದ್ದು ಈ ಒಂದು ಚಿಪ್ಪಿನಲ್ಲಿ ಮಾತ್ರ.

“ಇದನ್ನು ಹಾಕಿದ್ರೆ ಊಟ ಮಾಡಿ ಎದ್ದವರು ಹಾಡಿದ ಹಾಗೆ ಕೇಳ್ತದೆ ನೋಡು,” ಎನ್ನುತ್ತಿದ್ದ ಚಿಕ್ಕಪ್ಪ. “ಉಳಿದವೆಲ್ಲ ಹಸಿದ ಹೊಟ್ಟೆಯವು.”

ಭಾನುವಾರ ಚಿಕ್ಕಪ್ಪನಿಗೂ ಮೋಕ್ಷಿತಾಳಿಗೂ ಒಂದು ಆಟ. ಅವಳು ಕಣ್ಣು ಮುಚ್ಚಬೇಕು. ಅವನು ಚಿಪ್ ಬದಲಿಸುತ್ತಾನೆ. ಯಾವುದೆಂದು ಅವಳು ಕೇಳಿ ಹೇಳಬೇಕು. ಅವಳು ಹೆಚ್ಚಾಗಿ ಸರಿಯಾಗಿಯೇ ಹೇಳುತ್ತಿದ್ದಳು. ನಿಜ ಹೇಳಬೇಕೆಂದರೆ ಅವಳ ಕಿವಿಗೆ ಮೂರೂ ಹೆಚ್ಚುಕಡಿಮೆ ಒಂದೇ. ಹಾಡು ಶುರುವಾದ ಮೇಲೆ ಅವಳು ಒಂದು ಕಣ್ಣನ್ನು ಕೂದಲೆಳೆಯಷ್ಟು ತೆರೆದು ಚಿಕ್ಕಪ್ಪನ ಮುಖ ನೋಡುತ್ತಿದ್ದಳು. ಚೆನ್ನಯ್ಯ ಹಾಕಿದ ದಿನ ಅವನ ಮುಖ ಬೇರೆಯೇ ಇರುತ್ತಿತ್ತು.

ಈ ಗುಟ್ಟನ್ನು ಬಿಟ್ಟು ಉಳಿದದ್ದನ್ನೆಲ್ಲ ಅವಳು ಕ್ಲಾಸಿನಲ್ಲಿ ಹೇಳಿದ್ದಳು. ಸ್ವಲ್ಪ ಜಾಸ್ತಿಯೇ ಹೇಳಿದ್ದಳು.

“ಚಿಪ್ ಚೇಂಜ್ ಮಾಡ್ಲಿಕ್ಕೆ ನಂಗೂ ಬರ್ತದೆ.”

“ಸುಮ್ನೆ ಬುರುಡೆ ಬಿಡ್ಬೇಡ,” ಎಂದಿದ್ದಳು ಮಾಲತಿ. “ನಿಂಗೆ ಪೆನ್ನಿನ ರೀಫಿಲ್ ಹಾಕ್ಲಿಕ್ಕೆ ಬರೋದಿಲ್ಲ.”

“ಶನಿವಾರ ಮನೆಗೆ ಬಾ, ತೋರಿಸ್ತೇನೆ.”

ಶನಿವಾರ ಮಧ್ಯಾಹ್ನ ಚಿಕ್ಕಪ್ಪ ಜೀಪಿನಲ್ಲಿದ್ದ. ಅಪ್ಪ ಅಮ್ಮ ಮಡಿಕೇರಿಗೆ ಹೋಗಿದ್ದರು. ಆಂಪ್ ಮೇಜಿನ ಮೇಲೇ ಇತ್ತು. ಚಿಪ್ಪುಗಳ ತಗಡಿನ ಡಬ್ಬಿ ಮಾತ್ರ ಅದರ ಜಾಗದಲ್ಲಿರಲಿಲ್ಲ. ಆದರೆ ಅದು ಎಲ್ಲಿರುತ್ತದೆಂದು ಮೋಕ್ಷಿತಾಳಿಗೆ ಗೊತ್ತಿತ್ತು.

ಮಳೆಗಾಲದಲ್ಲಿ ಆ ಮನೆಯ ಅರ್ಧ ಸಾಮಾನು ಒಲೆಯ ಮೇಲೆ ಕಟ್ಟಿದ ಬಿದಿರಿನ ಅಟ್ಟದಲ್ಲಿರುತ್ತಿತ್ತು. ಅವರ ಊರು ಗಾಳಿಬೀಡಿನಲ್ಲಿ ಮಂಜು ಬಾಗಿಲು ತಟ್ಟಿ ಒಳಗೆ ಬರುವುದಿಲ್ಲ, ಹಾಗೇ ಬರುತ್ತದೆ. ಬೆಲ್ಟಿಗೆ ಬೂಷ್ಟು, ಪುಸ್ತಕಕ್ಕೆ ಬೂಷ್ಟು, ಅಪ್ಪನ ಪರ್ಸಿಗೂ ಬೂಷ್ಟು. ಅಜ್ಜಿ ಬೊಳ್ಳಮ್ಮ ಬೆಳಗ್ಗೆ ಎದ್ದು ಮನೆಯಿಡೀ ಸುತ್ತಿ, ಯಾವುದು ತಣ್ಣಗಿದೆ ಎಂದು ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ತಣ್ಣಗಿದ್ದದ್ದೆಲ್ಲ ಅಟ್ಟಕ್ಕೆ. ಯಾರನ್ನೂ ಕೇಳುತ್ತಿರಲಿಲ್ಲ. ಸಂಜೆ ಯಾರಾದರೂ “ನನ್ನ ಟೋಪಿ ಎಲ್ಲಿ?” ಎಂದರೆ, ಬೆಚ್ಚಗಿನ ಟೋಪಿ ಕೈಗೆ ಬರುತ್ತಿತ್ತು.

ಡಬ್ಬಿಯೂ ಅಲ್ಲೇ ಇತ್ತು. ಮಲಗಿದ್ದ ಬೆಕ್ಕಿನ ಮೈಯಷ್ಟು ಬೆಚ್ಚಗೆ.

ಅಜ್ಜಿ ಹಿತ್ತಲಿಗೆ ಹೋದಾಗ ಮೋಕ್ಷಿತಾ ಡಬ್ಬಿಯನ್ನೂ ಆಂಪನ್ನೂ ಜಗಲಿಗೆ ತಂದಳು. ಅಜ್ಜಿ ಯಾವಾಗ ಬೇಕಾದರೂ ಹೊರಗೆ ಬರಬಹುದು. ಅದಕ್ಕೇ ಇಬ್ಬರೂ ಮನೆಯ ಬಾಗಿಲಿನ ಕಡೆ ಮುಖ ಮಾಡಿ ಕೂತರು. ಆಂಪಿನ ತೂತುಗಳು ತಮ್ಮ ಕಡೆಗೆ ಬರುವಂತೆ ಇಟ್ಟುಕೊಂಡರು. ಎರಡು ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದು, ಒಳಗಿದ್ದ ‘ಮೇಷ್ಟ್ರ’ನ್ನು ಎಬ್ಬಿಸಿದ್ದಾಯಿತು.

“ಹಿಂದೆ ಮುಂದೆ ಹೇಗೆ ಗೊತ್ತಾಗ್ತದೆ?” ಮಾಲತಿ ಕೇಳಿದಳು.

“ಇಲ್ಲಿ ಮೂಲೇಲಿ ಒಂದು ಚುಕ್ಕಿ ಉಂಟಲ್ಲ? ಅದು ಯಾವಾಗ್ಲೂ ಗದ್ದೆ ಕಡೆ ಇರ್ಬೇಕು. ಚಿಕ್ಕಪ್ಪ ಹೇಳಿಕೊಟ್ಟಿದ್ದು.”

ಅವರ ಮನೆಯಲ್ಲಿ ಯಾರೂ ಎಡ, ಬಲ ಎನ್ನುತ್ತಿರಲಿಲ್ಲ. ಮನೆ ಇದ್ದದ್ದು ಇಳಿಜಾರಿನಲ್ಲಿ. ಹಿಂದೆ ಬೆಟ್ಟ, ಮುಂದೆ ಗದ್ದೆ. ಹಾಗಾಗಿ ಎಲ್ಲವೂ ‘ಬೆಟ್ಟದ ಕಡೆ’, ಇಲ್ಲವೇ ‘ಗದ್ದೆ ಕಡೆ’. ಬೆಟ್ಟದ ಕಡೆಯ ಕಪಾಟು, ಗದ್ದೆ ಕಡೆಯ ಕಿಟಕಿ. ಒಂದನೇ ಕ್ಲಾಸಿನಲ್ಲಿ ಡ್ರಿಲ್ ಸರ್ “ಲೆಫ್ಟ್ ಟರ್ನ್” ಎಂದಾಗ ಮೋಕ್ಷಿತಾ, “ಅದು ಗದ್ದೆ ಕಡೆಯಾ ಸರ್?” ಎಂದು ಕೇಳಿ ಇಡೀ ಲೈನನ್ನು ನಗಿಸಿದ್ದಳು.

ಜಗಲಿಯಲ್ಲಿ ಗದ್ದೆ ಇದ್ದದ್ದು ಅವರ ಬೆನ್ನಿನ ಹಿಂದೆ. ಮೋಕ್ಷಿತಾ ಒಮ್ಮೆ ತಿರುಗಿ ನೋಡಿ ಖಾತ್ರಿ ಮಾಡಿಕೊಂಡಳು. ಚೆನ್ನಯ್ಯನ ಚುಕ್ಕಿಯನ್ನು ಗದ್ದೆ ಕಡೆಗೆ, ಅಂದರೆ ತನ್ನ ಹೊಟ್ಟೆಯ ಕಡೆಗೆ ಇಟ್ಟು ಒತ್ತಿದಳು. ಸ್ವಿಚ್ ಹಾಕಿದಳು.

ಆಮೇಲೆ ಆ ವಾಸನೆ.

ಚಿಪ್ ತಣ್ಣಗಾದ ಮೇಲೆ ಎಬ್ಬಿಸಿ ನೋಡಿದರು. ಮೇಲೆ ಏನೂ ಆದಂತೆ ಕಾಣಲಿಲ್ಲ. ಈಗಷ್ಟೇ ಮೋಕ್ಷಿತಾಳ ಕಣ್ಣಿಗೆ ಇನ್ನೊಂದು ಬಿತ್ತು: ಸಾಕೆಟ್ಟಿನ ಒಂದು ತುದಿಯಲ್ಲಿ ಉಗುರಿನ ಗೀರಿನಷ್ಟು ಸಣ್ಣ ಕಚ್ಚು. ಚುಕ್ಕಿ ಬರಬೇಕಾದ ಕಡೆಯ ಗುರುತು ಅದು. ವಯರಿನ ತೂತುಗಳಿಂದ ದೂರದ ತುದಿಯಲ್ಲಿತ್ತು. ಚಿಕ್ಕಪ್ಪ ಕೂರುವುದು ಕಿಟಕಿಯ ಹತ್ತಿರ, ಗದ್ದೆಗೆ ಮುಖ ಮಾಡಿ. ಅಲ್ಲಿ ಆ ಕಚ್ಚು ಗದ್ದೆ ಕಡೆಗೇ ಬರುತ್ತದೆ. ಇಲ್ಲಿ ಅವಳು ಬೆನ್ನು ತಿರುಗಿಸಿ ಕೂತಿದ್ದಳು.

ಈ ಸಲ ಕಚ್ಚು ನೋಡಿ ಸರಿಯಾಗಿ ಕೂರಿಸಿದಳು. ಚೆನ್ನಯ್ಯ ಹಾಡಲಿಲ್ಲ. ಮೇಷ್ಟ್ರನ್ನು ಹಾಕಿದರೆ ಆಂಪ್ ಸರಿಯಾಗಿಯೇ ಹಾಡಿತು.

“ಒಂದು ತಾನೇ ಹೋದದ್ದು? ಇನ್ನೆರಡು ಉಂಟಲ್ಲ,” ಎಂದಳು ಮಾಲತಿ, ದನಿ ತಗ್ಗಿಸಿ. “ನೀನು ಹೇಳ್ಬಿಡು. ನಾನೂ ಇರ್ತೇನೆ ಬೇಕಾದ್ರೆ.”

“ಹೇಳ್ತೇನೆ. ನೀನು ಹೋಗು.”

ಡಬ್ಬಿ ಅಟ್ಟಕ್ಕೆ ಹೋಯಿತು. ಆಂಪ್ ಮೇಜಿಗೆ. ಸಂಜೆ ಚಿಕ್ಕಪ್ಪ ಬಂದಾಗ ಅವನ ಪ್ಯಾಂಟಿಗೆಲ್ಲ ಕೆಸರು, ಸೊಂಟ ನೋವು ಬೇರೆ. ನಾಳೆ ಹೇಳೋಣ ಎಂದುಕೊಂಡಳು.

ನಾಳೆ ಎಂದರೆ ಭಾನುವಾರ. ಬೆಳಗ್ಗೆ ಅಕ್ಕಿ ರೊಟ್ಟಿ ತಿನ್ನುತ್ತಿದ್ದಾಗ ಚಿಕ್ಕಪ್ಪ ಕೋಣೆಯಲ್ಲಿ ಆಂಪ್ ಬಿಚ್ಚಿ ಚಿಪ್ ಬದಲಿಸುತ್ತಿದ್ದ. ಆಮೇಲೆ ಅವನು ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಕೈಯಲ್ಲಿ ತಗಡಿನ ಡಬ್ಬಿ.

“ಅವ್ವ, ಇದನ್ನು ಅಟ್ಟಕ್ಕೆ ಹಾಕಿದ್ದು ನೀನಾ?”

“ಹೂಂ ಮಗಾ. ಬೂಷ್ಟು ಹಿಡಿದಿತ್ತು.”

“ಚೆನ್ನಯ್ಯನ ಕತೆ ಮುಗೀತು.”

ಅಜ್ಜಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. “ಅಯ್ಯೋ, ಯಾವಾಗ? ನಿನ್ನೆ ಸಂತೆಯಲ್ಲಿ ಇದ್ರಂತಲ್ಲ!”

ಬೇರೆ ದಿನವಾಗಿದ್ದರೆ ಮನೆಯೇ ನಕ್ಕುಬಿಡುತ್ತಿತ್ತು. ಚಿಕ್ಕಪ್ಪ ನಗಲಿಲ್ಲ. “ಚಿಪ್ ಅವ್ವ, ಚಿಪ್. ಇದೆಂತ ಸೌಟಾ, ಮೆಣಸಿನಕಾಯಾ, ಒಲೆ ಮೇಲೆ ಒಣಗಿಸ್ಲಿಕ್ಕೆ? ಬಿಸಿಗೆ ಸುಟ್ಟು ಹೋಗಿದೆ. ಎಷ್ಟು ಸಲ ಹೇಳೋದು ನಿಂಗೆ?”

“ನಂಗೆಂತ ಗೊತ್ತು ಮಗಾ…”

“ಗೊತ್ತಿಲ್ಲದ್ದನ್ನು ಮುಟ್ಬಾರ್ದು. ಇನ್ಮೇಲೆ ನನ್ನ ಸಾಮಾನು ಯಾವುದನ್ನೂ ಮುಟ್ಬೇಡ.”

ಚಿಕ್ಕಪ್ಪ ಕೂಗಾಡುವ ಮನುಷ್ಯನಲ್ಲ. ಈಗಲೂ ಕೂಗಲಿಲ್ಲ. ಕೂಗಿದ್ದರೆ ಅಜ್ಜಿಯೂ ಎರಡು ಮಾತು ತಿರುಗಿಸುತ್ತಿದ್ದಳು, ಅಲ್ಲಿಗೆ ಮುಗಿಯುತ್ತಿತ್ತು. ಮೆಲ್ಲಗೆ ಹೇಳಿದ್ದರಿಂದ ಅವಳು ಹಿಟ್ಟು ಮೆತ್ತಿದ ತನ್ನ ಕೈಗಳನ್ನೇ ತಿರುಗಿಸಿ ನೋಡಿಕೊಂಡಳು.

ಮೋಕ್ಷಿತಾಳ ಬಾಯಲ್ಲಿ ರೊಟ್ಟಿ ಇತ್ತು. ನುಂಗಿದ ಕೂಡಲೇ ಹೇಳಬೇಕೆಂದುಕೊಂಡಳು. ನುಂಗುವಷ್ಟರಲ್ಲಿ ಚಿಕ್ಕಪ್ಪ ಹೊರಗೆ ಹೋಗಿದ್ದ. ಜೀಪ್ ಸ್ಟಾರ್ಟ್ ಆದ ಸದ್ದು ಕೇಳಿತು.

“ನಿಂಗೆ ಇನ್ನೊಂದು ರೊಟ್ಟಿ ಬೇಕಾ ಕೂಸೇ?” ಅಜ್ಜಿ ಕೇಳಿದಳು. ಎಂದಿನ ದನಿಯಲ್ಲೇ ಕೇಳಿದಳು. ಮೋಕ್ಷಿತಾಳಿಗೆ ಅದೇ ಕಷ್ಟವಾಯಿತು.

ಸೋಮವಾರ ಬೆಳಗ್ಗೆ ಮೋಕ್ಷಿತಾಳ ಶೂ ಬಾಗಿಲ ಹತ್ತಿರವೇ ಬಿದ್ದಿತ್ತು. ಒಳಗೆ ಕಾಲಿಟ್ಟರೆ ಪಿಚಕ್ ಎಂದಿತು.

“ಅತ್ತೆ, ಶೂ ಅಟ್ಟಕ್ಕೆ ಇಡ್ಲಿಲ್ವಾ?” ಅಮ್ಮ ಕೇಳಿದಳು.

“ನಂಗೆ ಗೊತ್ತಾಗೋದಿಲ್ಲ ಯಮುನಾ,” ಎಂದಳು ಅಜ್ಜಿ. “ಯಾವುದನ್ನು ಬಿಸಿಗೆ ಇಡ್ಬೋದು, ಯಾವುದನ್ನು ಇಡ್ಬಾರ್ದು ಅಂತ. ಈಗಿನ ಸಾಮಾನೆಲ್ಲ ಬೇರೆ. ನೀವೇ ಇಟ್ಕೊಳ್ಳಿ.”

ಮೋಕ್ಷಿತಾ ಒದ್ದೆ ಶೂ ಹಾಕಿಕೊಂಡೇ ಶಾಲೆಗೆ ಹೋದಳು. ಪ್ರಾರ್ಥನೆಗೆ ನಿಂತಾಗ ಮಾಲತಿ ಮೊಣಕೈಯಿಂದ ತಿವಿದಳು. “ಹೇಳಿದ್ಯಾ?”

“ಇಲ್ಲ.”

“ಮತ್ತೆ?”

“ಅಜ್ಜಿ ಮಾಡಿದ್ದು ಅಂದ್ಕೊಂಡಿದ್ದಾನೆ ಚಿಕ್ಕಪ್ಪ.”

ಮಾಲತಿ ಬಾಯಿ ತೆರೆದು ಅವಳ ಮುಖ ನೋಡಿದಳು. ಹಿಂದೆ ಸರ್ ಇದ್ದದ್ದರಿಂದ ಬಾಯಿ ಮುಚ್ಚಿ ಮುಂದಕ್ಕೆ ತಿರುಗಿದಳು. ಆದರೆ ಅವತ್ತಿಡೀ ತನ್ನ ಡಬ್ಬಿಯ ಉಪ್ಪಿನಕಾಯಿಯನ್ನೂ ಕೊಡಲಿಲ್ಲ.

ಸಂಜೆ ಮೋಕ್ಷಿತಾ ಚಿಕ್ಕಪ್ಪನ ಕೋಣೆಯ ಬಾಗಿಲಿಗೆ ಹೋಗಿ “ಚಿಕ್ಕಪ್ಪಾ” ಎಂದಳು. “ಎಂತ?” ಎಂದ. “ಎಂತ ಇಲ್ಲ” ಎಂದು ವಾಪಸು ಬಂದಳು. ಮರುದಿನವೂ ಹಾಗೇ ಆಯಿತು. ಭಾನುವಾರವೇ ಹೇಳಿದ್ದರೆ ಒಂದೇ ಮಾತು ಸಾಕಿತ್ತು: ನಾನು ಹಾಳು ಮಾಡಿದೆ. ಈಗ ಎರಡು ಮಾತು ಹೇಳಬೇಕು: ನಾನು ಹಾಳು ಮಾಡಿದೆ, ಅಜ್ಜಿ ಬೈಸಿಕೊಳ್ಳುವಾಗ ಸುಮ್ಮನಿದ್ದೆ. ಎರಡನೆಯದು ಬಾಗಿಲವರೆಗೆ ಬಂದು ವಾಪಸು ಹೋಗುತ್ತಿತ್ತು.

ಮನೆಯಲ್ಲಿ ಏನೂ ಆಗಿರಲಿಲ್ಲ ಎಂಬಂತೆ ಎಲ್ಲ ನಡೆದಿತ್ತು. ಅಪ್ಪನ ಪರ್ಸಿಗೆ ಮಾತ್ರ ಬೂಷ್ಟು ಬಂತು. ಬೆಂಕಿಕಡ್ಡಿ ಗೀರಿದರೆ ಹತ್ತಲಿಲ್ಲ. ಒಲೆಯ ಮೇಲಿನ ಅಟ್ಟ ಖಾಲಿ ಇತ್ತು. ಅಜ್ಜಿ ಬೆಳಗ್ಗೆ ಎದ್ದು ಒಲೆಯ ಮುಂದೆ ಕೂತವಳು ಅಲ್ಲೇ ಕೂತಿರುತ್ತಿದ್ದಳು. ಮನೆ ಸುತ್ತುತ್ತಿರಲಿಲ್ಲ.

ಒಂದು ಮಧ್ಯಾಹ್ನ ಮೋಕ್ಷಿತಾ ಶಾಲೆಯಿಂದ ನಡೆದು ಬರುತ್ತಿದ್ದಾಗ ಹಿಂದಿನಿಂದ ಜೀಪಿನ ಹಾರ್ನ್ ಕೇಳಿತು.

“ಹತ್ತು ಮೇಡಂ. ಮಾಂದಲಪಟ್ಟಿಗಾ, ಅಬ್ಬಿ ಫಾಲ್ಸಿಗಾ?” ಚಿಕ್ಕಪ್ಪ ನಗುತ್ತಿದ್ದ. ಜೀಪಿನಲ್ಲಿ ಬೇರೆ ಯಾರೂ ಇರಲಿಲ್ಲ.

ಅವಳು ಹತ್ತಿ ಕೂತಳು. ಬ್ಯಾಗನ್ನು ತೊಡೆಯ ಮೇಲೆ ಅವುಚಿಕೊಂಡಳು. ಮೊದಲ ತಿರುವು ದಾಟಿತು. ಎರಡನೇ ತಿರುವಿನಲ್ಲಿ, ಚಿಕ್ಕಪ್ಪ ರಸ್ತೆ ನೋಡುತ್ತಿದ್ದಾಗ, ಹೇಳಿಬಿಟ್ಟಳು.

“ಚೆನ್ನಯ್ಯನನ್ನು ಸುಟ್ಟದ್ದು ಅಜ್ಜಿ ಅಲ್ಲ. ನಾನು.”

ಚಿಕ್ಕಪ್ಪ ಜೀಪನ್ನು ಪಕ್ಕಕ್ಕೆ ತೆಗೆದು ನಿಲ್ಲಿಸಿದ. ಇಂಜಿನ್ ಆಫ್ ಮಾಡಿದ. ಗಾಜಿನ ಮೇಲೆ ವೈಪರ್ ಅರ್ಧಕ್ಕೇ ನಿಂತಿತು.

“ಹೇಗೆ?”

“ಮಾಲತಿಗೆ ತೋರಿಸ್ಲಿಕ್ಕೆ ಹೋಗಿ. ಉಲ್ಟಾ ಹಾಕಿದೆ.”

“ಚುಕ್ಕಿ ನೋಡ್ಲಿಲ್ವಾ?”

“ನೋಡಿದೆ. ಗದ್ದೆ ಕಡೆಗೇ ಇಟ್ಟೆ.”

“ಎಲ್ಲಿ ಕೂತ್ಕೊಂಡು?”

“ಜಗಲೀಲಿ. ಬಾಗಿಲ ಕಡೆ ತಿರುಗಿ.”

ಚಿಕ್ಕಪ್ಪ ಸ್ಟೇರಿಂಗ್ ಮೇಲೆ ಎರಡೂ ಕೈ ಇಟ್ಟು ಹೊರಗೆ ನೋಡಿದ. ಅವನ ಬಾಯಿಯ ತುದಿ ಒಮ್ಮೆ ನಗುವಿಗೆ ಬಂದು ಹಾಗೇ ಹಿಂದೆ ಹೋಯಿತು.

“ಕಚ್ಚು ತೋರಿಸಿ ಹೇಳಿಕೊಡ್ಬೇಕಿತ್ತು. ನಾನು ಗದ್ದೆ ತೋರಿಸಿದೆ,” ಎಂದ.

ಬೈಯುತ್ತಾನೆ ಎಂದು ಅವಳು ಕಾದಳು. ಬೈದಿದ್ದರೆ ಒಳ್ಳೆಯದಿತ್ತು.

“ಅಜ್ಜಿಗೆ ನೀನು ಬೈಯುವಾಗ ನಾನು ಅಲ್ಲೇ ಇದ್ದೆ,” ಎಂದಳು. ಕೊನೆಗೂ ಎರಡನೆಯ ಮಾತು ಬಂತು. ಅದರ ಹಿಂದೆಯೇ ಅಳು ಬಂತು.

ಚಿಕ್ಕಪ್ಪ ಅವಳು ಅಳುವಷ್ಟು ಹೊತ್ತು ಬಿಟ್ಟ. ಆಮೇಲೆ ಡ್ಯಾಶ್‌ಬೋರ್ಡಿನ ಮೇಲಿದ್ದ ಗಾಜು ಒರೆಸುವ ಬಟ್ಟೆ ಕೊಟ್ಟ. ಡೀಸೆಲ್ ವಾಸನೆ ಬರುತ್ತಿತ್ತು.

“ಒಂದು ಮಾತು ಹೇಳ್ತೇನೆ ಕೇಳು. ಚಿಪ್ಪನ್ನು ಸೆಟ್ಟಿನಿಂದ ಬಿಚ್ಚುವಾಗ ಅದರ ಕಾಲಿಗೆ ಕಾದ ಕಬ್ಬಿಣ ಇಟ್ಟವನು ನಾನು. ಅದಕ್ಕೇ ಹೋಗ್ದೇ ಇದ್ದದ್ದು, ಅಟ್ಟದ ಬಿಸಿಗೆ ಹೋಗ್ತದಾ? ಒಂದೇ ಡಬ್ಬಿಯಲ್ಲಿದ್ದ ಶೋಕಿಗೆ ಎಂತದೂ ಆಗಿರ್ಲಿಲ್ಲ. ಅವತ್ತು ಒಂದು ನಿಮಿಷ ಯೋಚನೆ ಮಾಡಿದ್ರೆ ಗೊತ್ತಾಗ್ತಿತ್ತು. ಮಾಡ್ಲಿಲ್ಲ. ಸಿಟ್ಟು ಬಂದಿತ್ತು, ಅವ್ವ ಎದುರಿಗೆ ಸಿಕ್ಕಿದ್ಳು.”

ಅವನು ಇಂಜಿನ್ ಸ್ಟಾರ್ಟ್ ಮಾಡಿದ. ಸೀದಾ ಮನೆಗೆ ಬಂದರು.

ಅಜ್ಜಿ ಅಡುಗೆಮನೆಯಲ್ಲಿ ಎಳೆಬಿದಿರಿನ ಕಳಲೆ ಹೆಚ್ಚುತ್ತಿದ್ದಳು. ಮೋಕ್ಷಿತಾ ಮೊದಲು ಹೇಳಿದಳು. ಜಗಲಿ, ಮಾಲತಿ, ಚುಕ್ಕಿ, ವಾಸನೆ, ರೊಟ್ಟಿ, ಎಲ್ಲ. ಆಮೇಲೆ ಚಿಕ್ಕಪ್ಪ ನೆಲದ ಮೇಲೆ ಅಜ್ಜಿಯ ಎದುರಿಗೆ ಕೂತ. “ನಂದೇ ತಪ್ಪವ್ವ. ಸುಮ್ನೆ ನಿಂಗೆ ಬೈದ್ಬಿಟ್ಟೆ,” ಎಂದ.

“ಓ, ಹೌದಾ?” ಎಂದಳು ಅಜ್ಜಿ. ಕತ್ತಿ ನಿಲ್ಲಿಸಲಿಲ್ಲ. “ಅಲ್ಲ, ನಾನೂ ಅದೇ ಅಂದ್ಕೊಂಡೆ, ಆ ಡಬ್ಬಿ ಅಂಥ ಬಿಸಿ ಏನೂ ಇರ್ಲಿಲ್ಲ ಅಂತ. ಆದ್ರೆ ನೀನು ಹೇಳಿದ ಮೇಲೆ ಇರ್ಬೋದು ಅಂತ ಕಂಡಿತು.” ಮೋಕ್ಷಿತಾಳ ಕಡೆ ತಿರುಗಿದಳು. “ಬೆರಳು ಸುಟ್ಟಿತ್ತಾ ಕೂಸೇ? ತೋರಿಸು.”

ಬೆರಳಿನಲ್ಲಿ ಈಗ ಏನೂ ಇರಲಿಲ್ಲ. ಆದರೂ ಅಜ್ಜಿ ಅದನ್ನು ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು.

“ಹೋಗ್ಲಿ ಬಿಡಿ,” ಎಂದಳು. “ಕಾಫಿ ಕುಡೀರಿ.”

ಅಷ್ಟೇ. ಇಷ್ಟು ಬೇಗ ಮುಗಿಯುವುದಾಗಿದ್ದರೆ ಇಷ್ಟು ದಿನ ಯಾಕೆ ಒದ್ದಾಡಿದೆ ಎಂದು ಮೋಕ್ಷಿತಾಳಿಗೆ ಅನ್ನಿಸಿತು. ಬೆಲ್ಲದ ಕಾಫಿ ಎರಡು ಲೋಟ ಕುಡಿದಳು. ಸತ್ತ ಚೆನ್ನಯ್ಯನನ್ನು ಚಿಕ್ಕಪ್ಪ ಅವಳ ಅಂಗೈಗೆ ಹಾಕಿ, “ಇದನ್ನು ನೀನೇ ಇಟ್ಕೊ. ಬೇರೆ ತರಿಸ್ತೇನೆ, ಅದೇ ನಂಬರಿನದ್ದು ಸಿಗ್ತದಂತೆ,” ಎಂದ. “ಅದನ್ನು ಹಾಕುವಾಗ ನೀನೇ ಕೂರಿಸು. ಈ ಸಲ ಕಚ್ಚು ನೋಡಿ.”

ಮರುದಿನ ಸಂಜೆ ಮೋಕ್ಷಿತಾ ನೆನೆದು ಬಂದಳು. ಛತ್ರಿಯ ಕಡ್ಡಿ ಮುರಿದು ಒಂದು ಬದಿ ಪೂರ್ತಿ ಒದ್ದೆಯಾಗಿತ್ತು. ಸ್ವೆಟರ್, ಶಾಲೆಯ ಟೈ ಕಳಚಿ ಬೆಂಚಿನ ಮೇಲೆ ಹಾಕಿ, ಲಂಗ ಬದಲಿಸಲು ಒಳಗೆ ಹೋದಳು. ತಿರುಗಿ ಬಂದಾಗ ಅಜ್ಜಿ ಒಲೆಯ ಮುಂದೆ ನಿಂತಿದ್ದಳು. ಕೈಯಲ್ಲಿ ಆ ಸ್ವೆಟರ್ ಇತ್ತು.

ಅದನ್ನು ಹೆಣೆದವಳು ಅಜ್ಜಿಯೇ. ಕಳೆದ ವರ್ಷ ಉದ್ದವಾಗಲೆಂದು ತೋಳಿಗೆ ಬೇರೆ ಉಣ್ಣೆ ಸೇರಿಸಿದವಳೂ ಅವಳೇ.

“ಕೂಸೇ,” ಎಂದಳು ಅಜ್ಜಿ. “ಇದನ್ನು ಅಟ್ಟಕ್ಕೆ ಹಾಕ್ಬೋದಾ? ಎಂತ ಆಗೋದಿಲ್ವಲ್ಲ?”

ಮೋಕ್ಷಿತಾ ನಿಂತಲ್ಲೇ ನಿಂತಳು. ಅಜ್ಜಿ ತಮಾಷೆ ಮಾಡುತ್ತಿರಲಿಲ್ಲ. ಸಿಟ್ಟೂ ಇರಲಿಲ್ಲ ಮುಖದಲ್ಲಿ. ನಿಜವಾಗಿಯೂ ಕೇಳುತ್ತಿದ್ದಳು. ಉತ್ತರ ಬರುವವರೆಗೆ ಸ್ವೆಟರನ್ನು ಎದೆಗೆ ಹಿಡಿದುಕೊಂಡು ಕಾಯುತ್ತಿದ್ದಳು. ಅದರ ನೀರು ಅವಳ ಸೀರೆಗೆ ಇಳಿಯುತ್ತಿತ್ತು.

ಕೇಳೋದು ಬೇಡ ಅಜ್ಜಿ, ಮೊದಲಿನ ಹಾಗೇ ಇಡು ಎಂದು ಹೇಳಬೇಕೆನ್ನಿಸಿತು ಮೋಕ್ಷಿತಾಳಿಗೆ. ಆದರೆ ಹಾಗೆ ಹೇಳಿದ ಮಾತ್ರಕ್ಕೆ ಅಜ್ಜಿ ಕೇಳುವುದನ್ನು ಬಿಡುವುದಿಲ್ಲ ಎಂದು, ಯಾಕೋ, ಅವಳಿಗೆ ಗೊತ್ತಾಯಿತು.

“ಹಾಕ್ಬೋದಜ್ಜಿ,” ಎಂದಳು. “ಎಂತ ಆಗೋದಿಲ್ಲ.”

ಹತ್ತಿರ ಹೋಗಿ ಸ್ವೆಟರಿನ ಒಂದು ತೋಳು ಹಿಡಿದಳು. ಅಜ್ಜಿ ಇನ್ನೊಂದು ಹಿಡಿದಳು. ಇಬ್ಬರೂ ಸೇರಿ ಅದನ್ನು ಬಿದಿರಿನ ಮೇಲೆ ಹರಡಿದರು.

“ಮತ್ತೆ ಈ ಟೈ?” ಅಜ್ಜಿ ಕೇಳಿದಳು.

“ಅದನ್ನೂ ಹಾಕ್ಬೋದು,” ಎಂದಳು ಮೋಕ್ಷಿತಾ. ಅಜ್ಜಿ ಇನ್ನೂ ಏನನ್ನಾದರೂ ಕೇಳಬಹುದೆಂದು ಅಲ್ಲೇ, ಒಲೆಯ ಪಕ್ಕ, ಕಾದು ನಿಂತಳು.